ಲೆಕ್ಕ ತೋರಿಸದ ರಾಜಿ: ದಿನಚರಿಯ ಪುಟಗಳು

ಜೂನ್ 12, 2025, ಧಾರವಾಡ

ಬಾಗಲಕೋಟೆ ಕಡೆಯಿಂದ ಅಪ್ಪ-ಮಗಳು ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಅವರ ಎರೆಹೊಲ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ ಬಹಳ ಕಾಲವಾಗಿದೆ. ಸರ್ಕಾರ ಕೊಟ್ಟ ಪರಿಹಾರ ಸಾಲದೆಂದು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಕೋರ್ಟಿಗೆ ಹೋದರು. ಅಲ್ಲಿ ಸ್ವಲ್ಪ ಹೆಚ್ಚಿತು. ಇನ್ನಷ್ಟು ಬೇಕೆಂದು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅಪೀಲು ಹಾಕಿದರು. 2019ರಲ್ಲಿ ಆ ಅಪೀಲು ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ದುಡ್ಡು ಬಂತು.

ದುಡ್ಡು ಬಂದ ಮೇಲೆ ಅವರ ವಕೀಲರೊಂದಿಗೇ ಜಗಳ ಹುಟ್ಟಿತು. ಫೀಸು 3,60,000 ರೂಪಾಯಿ, ಖರ್ಚು 1,20,000, ಒಟ್ಟು 4,80,000 ರೂಪಾಯಿ ಬರಬೇಕೆಂದು ವಕೀಲರು 2021ರಲ್ಲಿ ದಾವೆ ಹಾಕಿದರು. ಮಧ್ಯಸ್ಥಿಕೆಗೆ ಹೋಗಿ ಮೂರು ಲಕ್ಷಕ್ಕೆ ಇತ್ಯರ್ಥವಾಗಿ, 2022ರ ಮಾರ್ಚಿನಲ್ಲಿ ರಾಜಿ ಡಿಕ್ರಿಯಾಯಿತು. ಇವರು ಅಷ್ಟನ್ನೂ ಕಟ್ಟಿ ಕೈ ತೊಳೆದುಕೊಂಡಿದ್ದರು.

ಈಗ ಬಂದದ್ದು ಮಗಳಿಗೆ ಹುಟ್ಟಿದ ಒಂದು ಸಂಶಯದಿಂದ. ಅದೇ ಅದಾಲತ್ತಿನಲ್ಲಿ ಅಪೀಲು ಮುಗಿಸಿಕೊಂಡ ಓಣಿಯವರೊಬ್ಬರು ಮಾತಿಗೆ ಮಾತು ಬಂದು ತಮಗೆ ಕೋರ್ಟ್ ಫೀ ವಾಪಸು ಬಂತೆಂದು ಹೇಳಿದರಂತೆ. "ಅವರಿಗೆ ತಿರುಗಿ ಬಂದೈತಿ, ನಮಗ ಯಾಕ ಬಂದಿಲ್ರಿ ಮೇಡಂ?" ಎಂದು ಆಕೆ ಕೇಳಿದಳು. ಅಪ್ಪನ ಪ್ರಶ್ನೆ ಬೇರೆ. "ರಾಜಿ ಮಾಡ್ಕೊಂಡು ಸಹಿ ಹಾಕಿದ ಮ್ಯಾಲ ಮತ್ತ ಕೇಳಾಕ ಬರತೈತೇನ್ರಿ?"

ಇಬ್ಬರದೂ ಸರಿಯಾದ ಪ್ರಶ್ನೆ. ಮಗಳ ಪ್ರಶ್ನೆಗೆ ಕಡತ ಉತ್ತರ ಕೊಡಬೇಕು. ಅಪ್ಪನ ಪ್ರಶ್ನೆಗೆ ಕಾನೂನು ಉತ್ತರ ಕೊಡಬೇಕು.

ಜೂನ್ 20

ದೃಢೀಕೃತ ನಕಲುಗಳು ಕೈಗೆ ಬಂದವು. ಲೋಕ ಅದಾಲತ್ತಿನ ತೀರ್ಪಿನ ಕೊನೆಯಲ್ಲಿ ಕೋರ್ಟ್ ಫೀ ಹಿಂದಿರುಗಿಸುವ ಆದೇಶವಿದೆ. ಇದೇನೂ ವಿಶೇಷ ಕೃಪೆಯಲ್ಲ. ಕೋರ್ಟು ಲೋಕ ಅದಾಲತ್ತಿಗೆ ಕಳಿಸಿದ ಪ್ರಕರಣ ಅಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕವನ್ನು ಮರಳಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮೇ ಹೇಳುತ್ತದೆ. ಜನ ರಾಜಿಗೆ ಮುಂದೆ ಬರಲಿ ಎಂಬುದು ಅದರ ಉದ್ದೇಶ.

ಮರಳಿ ಬಂದ ಮೊತ್ತ 64,000 ರೂಪಾಯಿ. ಪಕ್ಷಗಾರರ ಪರವಾಗಿ ಅದನ್ನು ಪಡೆದವರು ವಕೀಲರೇ, 2020ರ ಜನವರಿಯಲ್ಲಿ. ಅದಕ್ಕೆ ಬೇಕಾದ ಅಧಿಕಾರ ಪತ್ರದ ಮೇಲೆ ಈ ಯಜಮಾನರ ಸಹಿಯಿದೆ. ಸಹಿ ತಮ್ಮದೇ ಎಂದು ಅವರು ಒಪ್ಪುತ್ತಾರೆ. ಆ ದಿನಗಳಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದಾಗಿ ಹೇಳುತ್ತಾರೆ.

ಇನ್ನೊಂದು ಕಾಗದ ರಾಜಿ ಅರ್ಜಿಗೆ ಲಗತ್ತಿಸಿದ ಬಿಲ್ಲು. ಅದರ ತಾರೀಖು 2021. ಖರ್ಚಿನ ಪಟ್ಟಿಯ ಮೊದಲ ಸಾಲೇ "ಅಪೀಲಿನ ಕೋರ್ಟ್ ಫೀ, ನಮ್ಮಿಂದ ಭರಿಸಿದ್ದು: 64,000". ವಕೀಲರು ಮೊದಲು ತಮ್ಮ ಕೈಯಿಂದಲೇ ಕಟ್ಟಿದ್ದರೆಂಬುದು ನಿಜ. ಆದರೆ ಅದು ಅವರ ಕೈಗೆ ಮರಳಿ ಒಂದು ವರ್ಷ ದಾಟಿದ ಮೇಲೂ ಅದೇ ಬಾಬತ್ತನ್ನು ಪಕ್ಷಗಾರನ ಮೇಲೆ ಹಾಕಿದ್ದಾರೆ. ಮರಳಿ ಬಂದ ವಿಷಯ ಬಿಲ್ಲಿನಲ್ಲಿಲ್ಲ, ದಾವೆಯ ಅರ್ಜಿಯಲ್ಲಿಲ್ಲ, ರಾಜಿ ಪತ್ರದಲ್ಲೂ ಇಲ್ಲ.

ಜುಲೈ 6, ಭಾನುವಾರ

ಬೆಳಿಗ್ಗೆಯಿಂದ 1872ರ ಕರಾರು ಕಾಯ್ದೆಯನ್ನೇ ಹಿಡಿದು ಕೂತಿದ್ದೇನೆ. ರಾಜಿಯೂ ಒಂದು ಕರಾರು. ವಂಚನೆಯಿಂದ ಪಡೆದ ಸಮ್ಮತಿ ಸ್ವತಂತ್ರ ಸಮ್ಮತಿಯಲ್ಲ, ಮೋಸಹೋದವನು ಬೇಕೆಂದರೆ ಕರಾರನ್ನು ರದ್ದುಪಡಿಸಬಹುದು. ಇಷ್ಟು ಎಲ್ಲರಿಗೂ ಗೊತ್ತು. ಕಷ್ಟ ಇರುವುದು ಮೌನದಲ್ಲಿ. ಸುಳ್ಳು ಹೇಳುವುದು ವಂಚನೆ, ಸುಮ್ಮನಿರುವುದೂ ವಂಚನೆಯೇ?

17ನೇ ಕಲಮಿನ ವಿವರಣೆ ಸಾಮಾನ್ಯವಾಗಿ ಅಲ್ಲ ಎನ್ನುತ್ತದೆ. ಕೆಳಗಿನ ಉದಾಹರಣೆಯಲ್ಲಿ ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಅದರ ದೋಷದ ಬಗ್ಗೆ ಬಾಯಿ ಬಿಡುವುದಿಲ್ಲ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗಷ್ಟೇ ಪ್ರಾಯಕ್ಕೆ ಬಂದವಳಾಗಿದ್ದರೆ ದೋಷ ಹೇಳುವುದು ಅವನ ಕರ್ತವ್ಯ. ಕುದುರೆ ಅದೇ, ಮೌನವೂ ಅದೇ, ಸಂಬಂಧ ಮಾತ್ರ ಬೇರೆ. ಯಾರ ಮೇಲೆ ಭರವಸೆ ಇಟ್ಟು ಇನ್ನೊಬ್ಬರು ನಡೆಯುತ್ತಾರೋ ಅವರು ಸುಮ್ಮನಿರುವುದು ಮಾತಾಡಿದ್ದಕ್ಕೆ ಸಮ.

ವಕೀಲ-ಪಕ್ಷಗಾರರ ಸಂಬಂಧ ಇದಕ್ಕಿಂತ ಕಡಿಮೆಯದಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 111ನೇ ಕಲಮಿನ ಮೊದಲ ಉದಾಹರಣೆಯೇ ಪಕ್ಷಗಾರ ತನ್ನ ವಕೀಲನಿಗೆ ಮಾಡಿದ ಮಾರಾಟದ್ದು. ವ್ಯವಹಾರ ಪ್ರಾಮಾಣಿಕವಾಗಿತ್ತೆಂದು ತೋರಿಸುವ ಹೊಣೆ ವಕೀಲನ ಮೇಲಿದೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ತತ್ವವನ್ನು ಉಳಿಸಿಕೊಂಡಿದೆ. ಮೋಸವಾಯಿತೆಂದು ರೈತ ಸಾಬೀತುಪಡಿಸುವುದಕ್ಕೆ ಮೊದಲು, ಮೋಸವಾಗಿಲ್ಲವೆಂದು ವಕೀಲರೇ ತೋರಿಸಬೇಕು. ಈ ಒಂದು ಎಳೆಯ ಮೇಲೆ ನಮ್ಮ ಪ್ರಕರಣ ನಿಂತಿದೆ.

ಜುಲೈ 19

ಬಾರ್ ರೂಮಿನಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು. ನಮ್ಮವರ ಮೇಲೆ ನಾವೇ ಹೋದರೆ ಹೊರಗಿನವರು ಏನೆಂದಾರು, ಅರವತ್ತು ಸಾವಿರದ ವಿಷಯಕ್ಕೆ ಇಷ್ಟು ಯಾಕೆ ಎಂಬುದು ಅವರ ಮಾತು. ನನಗೆ ಅವರ ಮೇಲೆ ಗೌರವವಿದೆ. ಅವರಿಂದ ಕಲಿತದ್ದು ಬಹಳ. ಆದರೂ ಆ ಮಾತನ್ನು ಒಪ್ಪಲು ಆಗಲಿಲ್ಲ, ಒಪ್ಪುವುದಿಲ್ಲ ಎಂದು ಅವರಿಗೆ ಹೇಳಿಯೂ ಬಂದೆ.

ನಮ್ಮ ವೃತ್ತಿಯ ನಿಯಮಗಳನ್ನು ಹೊರಗಿನವರು ತಂದು ಹೇರಿಲ್ಲ, ನಮ್ಮದೇ ಭಾರತೀಯ ವಕೀಲರ ಪರಿಷತ್ತು ಮಾಡಿದೆ. ಪಕ್ಷಗಾರನ ಹಣದ ಲೆಕ್ಕ ಇಡಬೇಕು. ಬಂದದ್ದು ಫೀಸಿಗೋ ಖರ್ಚಿಗೋ ಎಂದು ಬೇರೆ ಬೇರೆ ಬರೆಯಬೇಕು. ಅವನ ಪರವಾಗಿ ಯಾವುದೇ ಹಣ ಕೈಗೆ ಬಂದರೆ ಆದಷ್ಟು ಬೇಗ ತಿಳಿಸಬೇಕು, ಇದು 27ನೇ ನಿಯಮ. ಕೇಳಿದರೆ ಲೆಕ್ಕದ ನಕಲು ಕೊಡಬೇಕು, ಇದು 30ನೆಯದು. ಗೆದ್ದರೆ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡಬಾರದು, ಇದು 20ನೆಯದು.

ಆ 20ನೇ ನಿಯಮವೂ ಇಲ್ಲಿ ಮುರಿದಿದೆ. 3,60,000 ಎಂಬುದು ಹೆಚ್ಚುವರಿ ಪರಿಹಾರವಾದ 24 ಲಕ್ಷದ ಸರಿಯಾಗಿ ಶೇ. 15. ಲೆಕ್ಕ ಹಾಕಿದ ಚೀಟಿ ಮಗಳ ಹತ್ತಿರ ಇದೆ. 2017ರಲ್ಲಿ ತೆಲಂಗಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಕೊಂಡಿತು. ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಮಹಿಳೆಯಿಂದ ಆಕೆಯ ವಕೀಲರು ಪರಿಹಾರದ ಹಣದ ಪಾಲಾಗಿ ಫೀಸು ಕೇಳಿ ಚೆಕ್ ಬರೆಸಿಕೊಂಡಿದ್ದರು. ಆ ಚೆಕ್ಕಿನ ಮೇಲೆ ಹೂಡಿದ ಕ್ರಿಮಿನಲ್ ಪ್ರಕರಣವನ್ನು ಕೋರ್ಟು ರದ್ದುಮಾಡಿತು. ಶೇಕಡಾವಾರು ಫೀಸನ್ನು ನಾನು ಎರಡನೇ ಕಾರಣವಾಗಿ ಇಡುತ್ತೇನೆ. ಮೊದಲ ಕಾರಣ ಮುಚ್ಚಿಟ್ಟದ್ದೇ.

ಆಗಸ್ಟ್ 4

ಎಲ್ಲಿ ಹೋಗಬೇಕೆಂಬುದು ಇತ್ಯರ್ಥವಾಯಿತು. ಹೊಸ ದಾವೆ ಹಾಕುವಂತಿಲ್ಲ. 1976ರ ತಿದ್ದುಪಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶಕ್ಕೆ 3-ಎ ನಿಯಮ ಸೇರಿಸಿ ಆ ಬಾಗಿಲು ಮುಚ್ಚಿದೆ. ರಾಜಿ ಕಾನೂನುಬದ್ಧವಲ್ಲ ಎಂಬ ಕಾರಣಕ್ಕೆ ರಾಜಿ ಡಿಕ್ರಿಯನ್ನು ಪ್ರತ್ಯೇಕ ದಾವೆಯಿಂದ ಪ್ರಶ್ನಿಸಲಾಗದು. ಅದೇ ತಿದ್ದುಪಡಿ ಇನ್ನೊಂದು ಬಾಗಿಲು ತೆರೆದಿದೆ. ಕರಾರು ಕಾಯ್ದೆಯಂತೆ ಅಸಿಂಧು ಅಥವಾ ರದ್ದಾಗಬಲ್ಲ ಒಪ್ಪಂದ 3ನೇ ನಿಯಮದ ಅರ್ಥದಲ್ಲಿ ಕಾನೂನುಬದ್ಧ ರಾಜಿಯೇ ಅಲ್ಲ. ರಾಜಿ ದಾಖಲಿಸಿದ ಕೋರ್ಟಿನ ಮುಂದೆಯೇ ಹೋಗಿ ಅದು ಊರ್ಜಿತವಲ್ಲವೆಂದು ಹೇಳಬೇಕು. ಸುಪ್ರೀಂ ಕೋರ್ಟ್ 1992ರಲ್ಲೂ 2006ರಲ್ಲೂ ಇದನ್ನು ಸ್ಪಷ್ಟಪಡಿಸಿದೆ.

ಅವಧಿಯ ಪ್ರಶ್ನೆ ಉಳಿಯುತ್ತದೆ. ಡಿಕ್ರಿಯಾಗಿ ಮೂರು ವರ್ಷ ಮೀರಿದೆ. 1963ರ ಕಾಲಮಿತಿ ಕಾಯ್ದೆಯ 17ನೇ ಕಲಮಿನಂತೆ, ವಂಚನೆಯಿಂದ ಮುಚ್ಚಿಟ್ಟ ವಿಷಯದಲ್ಲಿ ಕಾಲ ಎಣಿಸುವುದು ಅದು ಗೊತ್ತಾದ ದಿನದಿಂದ, ಅಥವಾ ತಕ್ಕ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದ ದಿನದಿಂದ. ಓಣಿಯವರ ಮಾತು ಕಿವಿಗೆ ಬಿದ್ದ ದಿನವನ್ನು ಮಗಳ ಪ್ರಮಾಣಪತ್ರದಲ್ಲಿ ಬರೆಸಿದ್ದೇನೆ. ಮಾತು ಹೇಳಿದವರೂ ಪ್ರಮಾಣಪತ್ರ ಕೊಡಲು ಒಪ್ಪಿದ್ದಾರೆ.

ಇಂದು ಅರ್ಜಿ ಸಲ್ಲಿಸಿದೆ. ಮಧ್ಯಸ್ಥಿಕೆಯ ಕೋಣೆಯಲ್ಲಿ ಯಾರು ಏನೆಂದರು ಎಂಬುದನ್ನು ಅದರಲ್ಲಿ ಎಲ್ಲೂ ಬರೆದಿಲ್ಲ. ಅಲ್ಲಿನ ಮಾತು ಗುಟ್ಟು, ಅದನ್ನು ಸಾಕ್ಷ್ಯವಾಗಿ ತರುವುದು ತಪ್ಪು. ಜನ ಅಲ್ಲಿ ಮನಸ್ಸು ಬಿಚ್ಚಿ ಮಾತಾಡಬೇಕಾದರೆ ಆ ಗುಟ್ಟು ಉಳಿಯಲೇಬೇಕು. ಬಿಲ್ಲು, ಅದಾಲತ್ತಿನ ತೀರ್ಪು, ಹಣ ಪಡೆದ ದಾಖಲೆ ಈ ಮೂರು ಕಾಗದ ನಮಗೆ ಸಾಕು.

ಆಗಸ್ಟ್ 28

ಆಕ್ಷೇಪಣೆ ಬಂತು. ಗಟ್ಟಿಯಾಗಿಯೇ ಬರೆದಿದ್ದಾರೆ. ಮೂರು ಅಂಶಗಳಿವೆ.

ಒಂದು, ಕೋರ್ಟ್ ಫೀ ಮರಳಿಸುವ ಆದೇಶ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನಕಲು ಪಡೆಯಬಹುದಿತ್ತು. ಇದಕ್ಕೆ ಆಧಾರವಾಗಿ ಕರಾರು ಕಾಯ್ದೆಯ 19ನೇ ಕಲಮಿನ ಅಪವಾದವನ್ನು ತೋರಿಸಿದ್ದಾರೆ. ಸಾಧಾರಣ ಎಚ್ಚರಿಕೆಯಿಂದ ಸತ್ಯ ಕಂಡುಕೊಳ್ಳುವ ದಾರಿಯಿದ್ದವನು, ಎದುರಿನವನ ಮೌನವನ್ನು ಕಾರಣ ಮಾಡಿ ಕರಾರು ತಪ್ಪಿಸಿಕೊಳ್ಳಲಾರ. ಎರಡು, 4,80,000 ಕೇಳಿ ಮೂರು ಲಕ್ಷಕ್ಕೆ ಒಪ್ಪಿದ್ದೇವೆ, 64,000 ಕಳೆದರೂ ನಾವು ಬಿಟ್ಟದ್ದೇ ಹೆಚ್ಚು, ಹಾಗಾಗಿ ನಷ್ಟವೇ ಇಲ್ಲ. ಮೂರು, ರಾಜಿ ಎಂದರೆ ಕೊನೆ. ಕೊನೆಯಾದದ್ದನ್ನು ಮತ್ತೆ ಮತ್ತೆ ತೆರೆದರೆ ಯಾರೂ ರಾಜಿಗೆ ಬರುವುದಿಲ್ಲ.

ಮೂರನೆಯ ಮಾತು ನನ್ನನ್ನು ನಿಜಕ್ಕೂ ಕಾಡಿತು. ರಾಜಿಯ ಗಟ್ಟಿತನದಿಂದ ಈ ರೈತನಂಥ ಎಷ್ಟೋ ಜನಕ್ಕೆ ಬದುಕಿರುವಾಗಲೇ ಹಣ ಕೈಸೇರುತ್ತದೆ. ಮನಸ್ಸು ಬದಲಾಯಿತು, ಇನ್ನೂ ಹೆಚ್ಚು ಸಿಗಬಹುದಿತ್ತು ಎಂದು ಬಂದವರಿಗೆ ನಾನೂ ಅರ್ಜಿ ಬರೆದುಕೊಡುವುದಿಲ್ಲ. ಇಲ್ಲಿ ಕೇಳುತ್ತಿರುವುದು ಮನಸ್ಸು ಬದಲಿಸುವ ಹಕ್ಕನ್ನಲ್ಲ. ಮನಸ್ಸು ಮಾಡುವ ಹೊತ್ತಿಗೆ ಎದುರಿಗೆ ಇರಬೇಕಾಗಿದ್ದ ಲೆಕ್ಕವನ್ನು ಕೇಳುತ್ತಿದ್ದೇವೆ.

ಸೆಪ್ಟೆಂಬರ್ 17

ವಾದದ ಟಿಪ್ಪಣಿ ಸಿದ್ಧವಾಗುತ್ತಿದೆ.

ಮೊದಲ ಆಕ್ಷೇಪಣೆಗೆ ಚೆಂಗಲ್ವರಾಯ ನಾಯ್ಡು ಪ್ರಕರಣ. 1993ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಮಾಲೀಕರೊಬ್ಬರ ಬಳಿ ಗುಮಾಸ್ತನಾಗಿದ್ದವನು ಅವರ ಪರವಾಗಿ ಕೋರ್ಟ್ ಹರಾಜಿನಲ್ಲಿ ಆಸ್ತಿ ಕೊಂಡಿದ್ದ, ಮುಂದೆ ಅದನ್ನು ಅವರಿಗೆ ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದ. ಆಮೇಲೆ ಆ ಪತ್ರದ ಸುದ್ದಿಯೇ ಎತ್ತದೆ ತನ್ನ ಹೆಸರಿನಲ್ಲಿ ವಿಭಾಗದ ದಾವೆ ಹಾಕಿ ಡಿಕ್ರಿ ಪಡೆದ. ಪತ್ರ ನೋಂದಣಿಯಾದದ್ದು, ಎದುರಿನವರೇ ಹುಡುಕಿ ತರಬಹುದಿತ್ತೆಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕೋರ್ಟಿಗೆ ಬರುವವನು ಪ್ರಕರಣಕ್ಕೆ ಸಂಬಂಧಿಸಿದ, ತಾನು ಮಾಡಿದ ಎಲ್ಲ ಪತ್ರಗಳನ್ನೂ ಮುಂದಿಡಬೇಕು, ಲಾಭಕ್ಕಾಗಿ ಮುಖ್ಯ ಪತ್ರವನ್ನು ತಡೆಹಿಡಿದರೆ ಅದು ಕೋರ್ಟಿಗೂ ಎದುರುಪಕ್ಷಕ್ಕೂ ಮಾಡಿದ ವಂಚನೆ ಎಂದಿತು. ನಮ್ಮಲ್ಲಿ ಮುಚ್ಚಿಟ್ಟವರು ಪಕ್ಷಗಾರನ ವಕೀಲರೇ. ಸತ್ಯ ತಿಳಿಯುವ ದಾರಿ ಇತ್ತಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಈ ರೈತನಿಗೆ ಇದ್ದ ದಾರಿ ಆ ವಕೀಲರೊಬ್ಬರೇ.

ಎರಡನೆಯ ಆಕ್ಷೇಪಣೆಗೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಓದಿದೆ. 2015ರ ಅಕ್ಟೋಬರ್ 14ರದು, ಮುಖ್ಯ ತೀರ್ಪು ಬರೆದವರು ಲೇಡಿ ಹೇಲ್. ವಿಚ್ಛೇದನದ ಹಣಕಾಸಿನ ರಾಜಿಯಲ್ಲಿ ಗಂಡ ತನ್ನ ಕಂಪನಿಯನ್ನು ಷೇರು ಮಾರುಕಟ್ಟೆಗೆ ತರುವ ಸಿದ್ಧತೆಯನ್ನು ಬಚ್ಚಿಟ್ಟಿದ್ದ. ಬೇಕೆಂದೇ ಬಚ್ಚಿಟ್ಟಾಗ, ಅದು ಗೊತ್ತಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ ಎಂದು ತೋರಿಸುವ ಭಾರ ಬಚ್ಚಿಟ್ಟವನ ಮೇಲೆಯೇ ಎಂದು ಆ ಕೋರ್ಟು ಹೇಳಿತು. ಆ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕದು, ಅದು ಕುಟುಂಬದ ವ್ಯಾಜ್ಯ ಎಂಬುದೂ ನಿಜ. ತರ್ಕ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಮೂರು ಲಕ್ಷಕ್ಕೆ ಇಳಿದದ್ದು 4,80,000ದಿಂದ. ಬಿಲ್ಲು 4,16,000 ಎಂದಿದ್ದರೆ ಮಾತು ಅಲ್ಲಿಂದ ಶುರುವಾಗುತ್ತಿತ್ತು. ಅದಕ್ಕಿಂತ ದೊಡ್ಡದು, ಮೊದಲ ಸಾಲೇ ತಪ್ಪೆಂದು ಗೊತ್ತಾಗಿದ್ದರೆ ಇವರು ಉಳಿದ ಸಾಲುಗಳನ್ನೂ ನಂಬುತ್ತಿರಲಿಲ್ಲ.

ಅಕ್ಟೋಬರ್ 9

ಪಾಟೀ ಸವಾಲು ನಡೆಯಿತು. ಮೊದಲು ಯಜಮಾನರದು. ಸಹಿ ನಿಮ್ಮದೇ? ಹೌದು. ಓದಿ ಹಾಕಿದಿರಾ? ಇಲ್ಲ. ಯಾಕೆ? "ನಮ್ಮ ವಕೀಲ್ರ ಕಾಗದ ಕೊಟ್ರ ನಾ ಓದೂದೇನೈತ್ರಿ, ಓದಾಕಂತ ತಾನ ಅವರನ್ನ ಇಟಗೊಂಡಿದ್ದು?" ಎದುರಿನ ವಕೀಲರು ಮುಂದಿನ ಪ್ರಶ್ನೆಗೆ ಹೋದರು. ನ್ಯಾಯಾಧೀಶರು ಆ ಉತ್ತರವನ್ನು ನಿಧಾನವಾಗಿ, ಇದ್ದ ಹಾಗೆಯೇ ಬರೆಸಿದರು. ವಿಶ್ವಾಸದ ಸಂಬಂಧ ಎಂದು ಕಾಯ್ದೆ ಹೇಳುವುದನ್ನು ಅವರು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರು.

ನಂತರ ವಕೀಲರದು. 64,000 ಪಡೆದದ್ದನ್ನು ಒಪ್ಪಿದರು. ಪಕ್ಷಗಾರರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೆ, ಬಾಕಿ ಫೀಸಿಗೆ ವಜಾ ಹಾಕಿಕೊಂಡಿದ್ದೆ ಎಂದರು. ವಜಾ ಹಾಕಿಕೊಂಡಿದ್ದರೆ ಬಿಲ್ಲಿನಲ್ಲಿ ಅದು ಕಾಣಬೇಕಿತ್ತಲ್ಲ ಎಂದು ಕೇಳಿದೆ. ಬಿಲ್ಲನ್ನು ಗುಮಾಸ್ತ ಸಿದ್ಧಪಡಿಸಿದ್ದು ಎಂದರು. ಪಕ್ಷಗಾರರ ಲೆಕ್ಕದ ಪುಸ್ತಕ ತಂದಿದ್ದೀರಾ ಎಂದು ಕೇಳಿದೆ. ತಂದಿಲ್ಲ. ಇದೆಯೇ? ಉತ್ತರ ಬರಲಿಲ್ಲ. ಅಲ್ಲಿಗೆ ಪ್ರಶ್ನೆ ನಿಲ್ಲಿಸಿದೆ.

ಅವರು ಕೆಟ್ಟ ವಕೀಲರಲ್ಲ. ಭೂಸ್ವಾಧೀನದ ಪ್ರಕರಣವನ್ನು ಅವರು ಶ್ರದ್ಧೆಯಿಂದ ನಡೆಸಿದ್ದಾರೆ, ಅಕ್ಕಪಕ್ಕದ ಜಮೀನುಗಳ ಮಾರಾಟ ಪತ್ರ ಹುಡುಕಿ ತಂದು ಬೆಲೆ ಏರಿಸಿದ್ದಾರೆ. ಅವರಿಗೆ ಫೀಸು ಸಲ್ಲಬೇಕು, ಇದನ್ನು ನಾನು ಕೋರ್ಟಿನಲ್ಲೂ ಹೇಳಿದೆ. ಒಳ್ಳೆಯ ಕೆಲಸ ಮಾಡಿದವರಿಗೂ ಲೆಕ್ಕ ಮುಚ್ಚುವ ಹಕ್ಕಿಲ್ಲ.

ನವೆಂಬರ್ 14

ವಾದ ಮುಗಿದು ಆದೇಶಕ್ಕೆ ಇಟ್ಟಿದ್ದಾರೆ. ಸಂಜೆ ಒಂದು ಪ್ರಸ್ತಾಪ ಬಂತು. 64,000ಕ್ಕೆ ಬಡ್ಡಿ ಸೇರಿಸಿ ಕೊಡುತ್ತೇವೆ, ಅರ್ಜಿ ಹಿಂತೆಗೆದುಕೊಳ್ಳಿ, ವಿಷಯ ಹೊರಗೆ ಹೋಗಬಾರದು ಎಂದು. ಇದನ್ನು ಪಕ್ಷಗಾರರಿಗೆ ಒಂದಕ್ಷರ ಬಿಡದೆ ತಿಳಿಸುವುದು ನನ್ನ ಕೆಲಸ. ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಒಪ್ಪಿದರೆ ಏನು ಸಿಗುತ್ತದೆ, ಒಪ್ಪದಿದ್ದರೆ ಏನು ಹೋಗಬಹುದು, ನನ್ನ ಫೀಸು ಎಷ್ಟಾಗಿದೆ, ಇನ್ನೆಷ್ಟು ಆಗಬಹುದು ಎಂಬುದನ್ನೂ ಹೇಳಿದೆ. ಸೋತರೆ ಎದುರಿನವರ ಖರ್ಚು ಇವರ ಮೇಲೆ ಬೀಳಬಹುದೆಂದೂ ಹೇಳಿದೆ.

ಮಗಳು ಅಪ್ಪನೊಂದಿಗೆ ಮಾತಾಡಿ ರಾತ್ರಿ ತಿರುಗಿ ಕರೆ ಮಾಡಿದಳು. ಬೇಡವಂತೆ. "ರೊಕ್ಕಕ್ಕಿಂತ ಲೆಕ್ಕ ಬೇಕ್ರಿ. ನಮ್ಮೂರಾಗ ಇನ್ನೂ ಭಾಳ ಮಂದಿ ಅದಾರ, ಅವರಿಗೂ ಗೊತ್ತಾಗಲಿ" ಎಂದಳು. ಈ ಸಲದ ತೀರ್ಮಾನ ಅವರದೇ. ಎಲ್ಲ ತಿಳಿದು ಮಾಡಿದ್ದು. ಅದನ್ನು ನಾನು ಹಾಗೆಯೇ ಎದುರಿನವರಿಗೆ ಬರೆದು ಕಳಿಸಿದೆ.

ಡಿಸೆಂಬರ್ 5

ಆದೇಶ ಬಂತು. ಅರ್ಜಿ ಮಂಜೂರಾಗಿದೆ. ಪಕ್ಷಗಾರನ ಪರವಾಗಿ ಪಡೆದ ಹಣವನ್ನು ಅವನಿಗೆ ತಿಳಿಸದೆ, ಅದೇ ಹಣವನ್ನು ಖರ್ಚೆಂದು ತೋರಿಸಿದ ಬಿಲ್ಲಿನ ಮೇಲೆ ಪಡೆದ ಸಮ್ಮತಿ ಸ್ವತಂತ್ರ ಸಮ್ಮತಿಯಲ್ಲ. ತಿಳಿಸುವ ಕರ್ತವ್ಯ ವಕೀಲರದಾಗಿತ್ತು, ತಿಳಿಸಿದ್ದೇವೆಂದು ತೋರಿಸುವ ಹೊಣೆಯೂ ಅವರದೇ ಆಗಿತ್ತು, ಅದನ್ನು ಅವರು ನಿಭಾಯಿಸಿಲ್ಲ. ದಾಖಲೆ ಸಾರ್ವಜನಿಕವಾಗಿತ್ತೆಂಬ ವಾದ ಈ ಸಂಬಂಧದಲ್ಲಿ ನಿಲ್ಲದು. ಅವಧಿ ವಿಷಯ ತಿಳಿದ ದಿನದಿಂದ ಶುರು. ರಾಜಿ ಡಿಕ್ರಿ ರದ್ದಾಗಿ, 2021ರ ಫೀಸಿನ ದಾವೆ ಮತ್ತೆ ಕಡತಕ್ಕೆ ಬಂದಿದೆ. ಶೇಕಡಾವಾರು ಫೀಸಿನ ಪ್ರಶ್ನೆಯನ್ನು ಆ ದಾವೆಯಲ್ಲೇ ತೀರ್ಮಾನಿಸುತ್ತಾರೆ. ವಕೀಲರು ಪೂರ್ತಿ ಲೆಕ್ಕ ಸಲ್ಲಿಸಬೇಕು. ಕಟ್ಟಿದ ಮೂರು ಲಕ್ಷ ಅಂತಿಮ ತೀರ್ಪಿಗೆ ಒಳಪಟ್ಟಿರುತ್ತದೆ. ಅವರು ಇದರ ಮೇಲೆ ಹೈಕೋರ್ಟಿಗೆ ಹೋಗಬಹುದು, ಹೋಗುವ ಹಕ್ಕು ಅವರಿಗಿದೆ.

ಯಜಮಾನರಿಗೆ ಫೋನು ಮಾಡಿದೆ. ಗೆದ್ದೆವೇನ್ರಿ ಎಂದು ಕೇಳಿದರು. ರಾಜಿ ಹೋಯಿತು, ದಾವೆ ಉಳಿದಿದೆ, ನ್ಯಾಯವಾಗಿ ಎಷ್ಟು ಫೀಸೋ ಅಷ್ಟನ್ನು ನೀವು ಕೊಡಬೇಕಾಗುತ್ತದೆ ಎಂದೆ. "ಕೊಡೂಣ್ರಿ. ಲೆಕ್ಕ ನೋಡಿ ಕೊಡೂಣು" ಎಂದರು.

ನಾಳೆಯಿಂದ ನಮ್ಮ ಕಚೇರಿಯಲ್ಲಿ ಪ್ರತಿ ಪಕ್ಷಗಾರನಿಗೂ ವಕಾಲತ್ತಿನ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಬೇಕೆಂದು ಕಿರಿಯರಿಗೆ ಹೇಳಿದ್ದೇನೆ. ಫೀಸು ಎಷ್ಟು, ಖರ್ಚು ಯಾವುದು, ನಿಮ್ಮ ಪರವಾಗಿ ಹಣ ಬಂದರೆ ಹೇಗೆ ತಿಳಿಸುತ್ತೇವೆ ಎಂಬುದಷ್ಟೇ ಅದರಲ್ಲಿರುತ್ತದೆ. ಕೊನೆಯ ಸಾಲನ್ನು ನಾನೇ ಬರೆದೆ: ನಿಮ್ಮ ಲೆಕ್ಕದ ನಕಲನ್ನು ಯಾವಾಗ ಬೇಕಾದರೂ ಕೇಳಿ, ಕೊಡುವುದು ನಮ್ಮ ಕರ್ತವ್ಯ, ಲೆಕ್ಕ ನೋಡದೆ ಯಾವ ರಾಜಿಗೂ ಸಹಿ ಹಾಕಬೇಡಿ.